ಯಕ್ಷಗಾನದ ಫೋಟೋ ಎಲ್ಲ ಮಂಕು: ಲೆನ್ಸ್ ಹುಡ್ ಉಲ್ಟಾ ಹಾಕಿದ್ದೇ ಕಾರಣವಾ? ಲೋಕಲ್ ರೈಲಿನಲ್ಲಿ ಇದನ್ನು ಒಯ್ಯುವುದು ಹೇಗೆ?

ಡೊಂಬಿವಲಿ ಫಾಸ್ಟ್:

ಎಲ್ಲರಿಗೂ ನಮಸ್ಕಾರ. ಕಳೆದ ಶನಿವಾರ ಮುಂಬೈಯ ಮಾಟುಂಗಾದಲ್ಲಿ ಯಕ್ಷಗಾನ ಇತ್ತು. ಊರಿನ ಕಡೆಯ ಮೇಳ ಬಂದಿತ್ತು, ಅಮ್ಮನನ್ನೂ ಕರೆದುಕೊಂಡು ಹೋಗಿದ್ದೆ. ಎಡಗಡೆ ಎರಡನೇ ಸಾಲಿನಲ್ಲಿ ಜಾಗ ಸಿಕ್ಕಿತು. ಮೂರು ಗಂಟೆ ಕೂತು ನಾನೂರರ ಹತ್ತಿರ ಫೋಟೋ ತೆಗೆದೆ. ಮನೆಗೆ ಬಂದು ಲ್ಯಾಪ್‌ಟಾಪ್‌ಗೆ ಹಾಕಿ ನೋಡಿದರೆ ಅರ್ಧಕ್ಕಿಂತ ಜಾಸ್ತಿ ಮಂಕು.

ಫೋಕಸ್ ಸರಿಯಾಗಿದೆ. ಕೈ ಅಲುಗಿಲ್ಲ. ಆದರೆ ಬಡಗುತಿಟ್ಟಿನ ವೇಷದ ಕಸೆ ಸೀರೆಯಲ್ಲಿ ಕೆಂಪು ಕಪ್ಪು ಚೌಕಳಿ ಇರುತ್ತದಲ್ಲ, ಅದರ ಕಪ್ಪು ಕಪ್ಪಾಗಿಯೇ ಇಲ್ಲ, ಬೂದಿ ಬಣ್ಣ. ಇಡೀ ಫೋಟೋದ ಮೇಲೆ ತೆಳ್ಳಗೆ ಮಜ್ಜಿಗೆ ಚೆಲ್ಲಿದ ಹಾಗಿದೆ. ಹತ್ತಿಪ್ಪತ್ತು ಫೋಟೋಗಳಲ್ಲಿ ಭಾಗವತರ ಮುಂಡಾಸಿನ ಪಕ್ಕ ಹಸಿರು ಚುಕ್ಕೆಗಳೂ ಬಂದಿವೆ. ರಂಗದ ಬಲ ತುದಿಯಲ್ಲಿ ಸ್ಟ್ಯಾಂಡ್ ಮೇಲೆ ಒಂದು ಜೋರು ದೀಪ ಇತ್ತು. ಅದು ನನ್ನ ಚೌಕಟ್ಟಿನೊಳಗೆ ಬರುತ್ತಿರಲಿಲ್ಲ, ಹಾಗಾಗಿ ನಾನು ಅದರ ಬಗ್ಗೆ ಯೋಚಿಸಲೇ ಇಲ್ಲ.

ನನ್ನದು ನಿಕಾನ್ 18-105 ಜೂಮ್ ಲೆನ್ಸ್ (18 ಎಂಎಂನಲ್ಲಿ ಅಗಲದ ನೋಟ, 105ರಲ್ಲಿ ದೂರದ್ದು ಹತ್ತಿರ). ಜೊತೆಗೆ ಬಂದ ಹೂವಿನ ಆಕಾರದ ಹುಡ್ ಇದೆ, ಲೆನ್ಸ್ ಮೂತಿಗೆ ಕೂರಿಸುವ ಕಪ್ಪು ಮರೆ. ನಾಲ್ಕು ವರ್ಷದಿಂದ ಅದನ್ನು ಲೆನ್ಸ್ ಮೇಲೆ ಹಿಂದುಮುಂದಾಗಿಯೇ ಕೂರಿಸಿಕೊಂಡು ತಿರುಗುತ್ತಿದ್ದೇನೆ, ಫೋಟೋ ತೆಗೆಯುವಾಗಲೂ ಹಾಗೆಯೇ. ನೆಟ್ಟಗೆ ಹಾಕಿದರೆ ಬ್ಯಾಗ್‌ನಲ್ಲಿ ಹಿಡಿಸುವುದಿಲ್ಲ. ಬೆಳಿಗ್ಗೆ 8ರ ಲೋಕಲ್‌ನಲ್ಲಿ ಬ್ಯಾಗ್ ಎದೆಗೆ ಅವುಚಿಕೊಂಡು ನಿಲ್ಲುವವನು ನಾನು, ಇನ್ನೂ ದೊಡ್ಡ ಬ್ಯಾಗ್ ಸಾಧ್ಯವೇ ಇಲ್ಲ.

ಕೇಳಬೇಕಾದ್ದು ಎರಡು. ಹುಡ್ ನೆಟ್ಟಗೆ ಹಾಕಿದ್ದರೆ ಈ ಫೋಟೋಗಳು ಉಳಿಯುತ್ತಿದ್ದವಾ? ಉಳಿಯುತ್ತಿದ್ದರೆ, ಅದನ್ನು ನೀವೆಲ್ಲ ಹೇಗೆ ಒಯ್ಯುತ್ತೀರಿ? ಮುಂದಿನ ತಿಂಗಳು ಇನ್ನೊಂದು ಆಟ ಇದೆ. ಅಮ್ಮ ಆ ಫೋಟೋಗಳನ್ನು ಊರಿಗೆ ಕಳಿಸು ಅನ್ನುತ್ತಿದ್ದಾಳೆ, ಈ ಸಲದವು ಕಳಿಸುವ ಹಾಗಿಲ್ಲ.

ಮಾಟುಂಗಾ ಕತ್ತಲೆಕೋಣೆ:

ಬಹಳ ಮಟ್ಟಿಗೆ ಉಳಿಯುತ್ತಿದ್ದವು. ಹುಡ್ ಹಿಂದುಮುಂದಾಗಿ ಹಾಕಿಕೊಂಡರೆ ಅದು ಇಲ್ಲದ ಹಾಗೆಯೇ ಲೆಕ್ಕ. ಮೇಲಿಂದ ಜೂಮ್ ರಿಂಗ್ ಬೇರೆ ಮುಚ್ಚಿಹೋಗುತ್ತದೆ, ಬೆರಳು ತುದಿಯಲ್ಲಿ ತಿರುಗಿಸಬೇಕು. ಮುಂಬೈಯಲ್ಲಿ ಯಾವ ಮದುವೆಗೆ ಹೋದರೂ, ಯಾವ ಸಭೆಗೆ ಹೋದರೂ ಹತ್ತರಲ್ಲಿ ಐದು ಜನ ಹೀಗೇ ಹಿಡಿದಿರುತ್ತಾರೆ. ನೋಡಿದಾಗಲೆಲ್ಲ ಹೋಗಿ ತಿರುಗಿಸಿ ಕೊಡೋಣ ಅನಿಸುತ್ತದೆ, ಎರಡು ಸಲ ಹಾಗೆ ಮಾಡಿಯೂ ಇದ್ದೇನೆ.

ಆದದ್ದು ಇಷ್ಟು. ದೀಪ ಚೌಕಟ್ಟಿನಲ್ಲಿ ಇಲ್ಲದಿದ್ದರೂ ಅದರ ಬೆಳಕು ಲೆನ್ಸ್‌ನ ಮುಂದಿನ ಗಾಜಿನ ಮೇಲೆ ಓರೆಯಾಗಿ ಬೀಳುತ್ತಲೇ ಇತ್ತು. ಜೂಮ್ ಲೆನ್ಸ್ ಅಂದರೆ ಒಳಗೆ ಹತ್ತು ಹದಿನೈದು ಗಾಜುಗಳು. ಕೋಟಿಂಗ್ ಇಲ್ಲದ ಗಾಜಿನ ಒಂದೊಂದು ಮೈಯೂ ಬಿದ್ದ ಬೆಳಕಿನಲ್ಲಿ ಸುಮಾರು 4% ವಾಪಸ್ ಕಳಿಸುತ್ತದೆ. ಕೋಟಿಂಗ್ ಮಾಡಿ ಅದನ್ನು ಬಹಳ ಕಡಿಮೆ ಮಾಡಿದ್ದಾರೆ, ಆದರೆ ಪೂರ್ತಿ ಹೋಗಿಲ್ಲ. ಆ ಉಳಿದ ಬೆಳಕು ಗಾಜಿನಿಂದ ಗಾಜಿಗೆ, ಗಾಜಿನಿಂದ ಲೆನ್ಸ್‌ನ ಒಳಗೋಡೆಗೆ ಬಡಿದು ಕೊನೆಗೆ ಚಿತ್ರ ಹಿಡಿಯುವ ಸೆನ್ಸರ್ ಮೇಲೆ ಎಲ್ಲ ಕಡೆ ಹರಡಿಕೊಳ್ಳುತ್ತದೆ. ಬಿಳಿ ಇರುವಲ್ಲಿ ಅದು ಗೊತ್ತಾಗುವುದಿಲ್ಲ. ಕಪ್ಪು ಇರುವಲ್ಲಿ ಗೊತ್ತಾಗುತ್ತದೆ, ಯಾಕೆಂದರೆ ಅಲ್ಲಿ ಬೆಳಕೇ ಇರಬಾರದಿತ್ತು. ನಿಮ್ಮ ಕಸೆ ಬೂದಿ ಬಣ್ಣಕ್ಕೆ ತಿರುಗಿದ್ದು ಅದಕ್ಕೇ. ಹಸಿರು ಚುಕ್ಕೆಯೂ ಅದೇ ಬೆಳಕು, ಒಂದೆಡೆ ಗುಡ್ಡೆಯಾಗಿ ಬಂದದ್ದು.

ಇದನ್ನು ಕಣ್ಣಾರೆ ನೋಡಬೇಕಾ? ರಾತ್ರಿ ಮನೆಯಲ್ಲಿ ಟೇಬಲ್ ಲ್ಯಾಂಪ್ ಹಚ್ಚಿ. ಕ್ಯಾಮೆರಾ ಪಕ್ಕದಲ್ಲಿ, ದೀಪ ಚೌಕಟ್ಟಿನಿಂದ ಸ್ವಲ್ಪ ಹೊರಗೆ ಇರಲಿ. ಈಗ ನೀವು ಎದುರಿಗೆ ನಿಂತು ಲೆನ್ಸ್‌ನ ಮುಖ ನೋಡಿ. ಗಾಜಿನ ಮೇಲೆ ಬೆಳಕು ಬಿದ್ದು ಹೊಳೆಯುತ್ತಿದ್ದರೆ ಫೋಟೋ ಮಂಕಾಗುತ್ತದೆ. ಅಂಗೈ ಅಡ್ಡ ಹಿಡಿದು ಗಾಜಿಗೆ ನೆರಳು ಮಾಡಿ, ಹೊಳಪು ಹೋಗುತ್ತದೆ. ಹುಡ್ ಮಾಡುವುದು ಆ ಅಂಗೈ ಕೆಲಸವನ್ನೇ.

ಇನ್ನೊಂದು ಮಾತು, ನಿಮಗೆ ಇದು ಮುಖ್ಯ. ಆ ನಾನೂರು ಫೋಟೋ ಯಾವ ಜೂಮ್‌ನಲ್ಲಿ ತೆಗೆದಿರಿ?

ಡೊಂಬಿವಲಿ ಫಾಸ್ಟ್:

ನೋಡಿದೆ ಸರ್. ಮುಕ್ಕಾಲು ಪಾಲು 85ರಿಂದ 105. ಮುಖದ ಬಣ್ಣಗಾರಿಕೆ ಹತ್ತಿರದಿಂದ ಬೇಕಿತ್ತು.

ಮಾಟುಂಗಾ ಕತ್ತಲೆಕೋಣೆ:

ಅಂದುಕೊಂಡೆ. ಜೂಮ್ ಲೆನ್ಸ್‌ನ ಹುಡ್ ಅನ್ನು ಅದರ ಅತಿ ಅಗಲದ ನೋಟಕ್ಕೆ ಕತ್ತರಿಸಿರುತ್ತಾರೆ. ನಿಮ್ಮ ಲೆನ್ಸ್ 18ರಲ್ಲಿ ಮೂಲೆಯಿಂದ ಮೂಲೆಗೆ 76 ಡಿಗ್ರಿ ನೋಡುತ್ತದೆ, 105ರಲ್ಲಿ 15 ಡಿಗ್ರಿ ಚಿಲ್ಲರೆ. 76 ಡಿಗ್ರಿಗೆ ಅಡ್ಡ ಬರದ ಹಾಗೆ ಮಾಡಿದ ಹುಡ್ 15 ಡಿಗ್ರಿಗೆ ತುಂಬ ಗಿಡ್ಡ. ಅಂದರೆ 105ರಲ್ಲಿ ನೋಟದ ಆಚೆ ದೊಡ್ಡ ಜಾಗದಿಂದ ಬೆಳಕು ಇನ್ನೂ ಗಾಜಿಗೆ ಬೀಳಬಹುದು. ಹುಡ್ ಹಾಕಿ, ಜೊತೆಗೆ ದೀಪದ ಕಡೆಗೆ ಎಡ ಅಂಗೈಯನ್ನೂ ಚಾಚಿ. ವ್ಯೂಫೈಂಡರ್‌ನಲ್ಲಿ ನೋಡುತ್ತಾ ಕೈಯನ್ನು ನಿಧಾನ ಒಳಗೆ ತನ್ನಿ, ಬೆರಳು ಕಾಣಿಸಿದ ತಕ್ಷಣ ಸ್ವಲ್ಪ ಹಿಂದೆ. ಆ ಹೊತ್ತಿಗೆ ಕಪ್ಪು ಗಟ್ಟಿಯಾಗುವುದು ನಿಮಗೇ ಕಾಣುತ್ತದೆ.

ಕೆಲವು ಹಳೆಯ ಲೆನ್ಸ್‌ಗಳಲ್ಲಿ ಇದಕ್ಕೆ ಚೆಂದದ ಉಪಾಯ ಮಾಡಿದ್ದರು. ಕ್ಯಾನನ್‌ನ ಮೊದಲ 24-70 ಎಫ್/2.8 ಎಲ್ ಇದೆಯಲ್ಲ, ಅದರ ಒಳಕೊಳವೆ 24ರಲ್ಲಿ ಉದ್ದ, 70ರಲ್ಲಿ ಗಿಡ್ಡ. ಹುಡ್ ಮಾತ್ರ ಅಲುಗದ ಹೊರ ಮೈಗೆ ಕೂರುತ್ತದೆ. ಅಗಲ ಬೇಕಾದಾಗ ಗಾಜು ಹುಡ್ ಬಾಯಿಯ ಹತ್ತಿರ ಬರುತ್ತದೆ, ಜೂಮ್ ಮಾಡಿದಾಗ ಬಾವಿಯೊಳಗೆ ಇಳಿದ ಹಾಗೆ ಹಿಂದೆ ಹೋಗುತ್ತದೆ. ಒಂದೇ ಹುಡ್ ಎಲ್ಲ ಜೂಮ್‌ಗೂ ಸರಿ. ನನ್ನ ಗೆಳೆಯನ ಹತ್ತಿರ ಇದೆ, ಕೈಗೆ ಸಿಕ್ಕಾಗಲೆಲ್ಲ ಸುಮ್ನೆ ತಿರುಗಿಸಿ ನೋಡುತ್ತಿರುತ್ತೇನೆ.

ಐರೋಲಿ ಹೊಸಬ:

ಮಧ್ಯೆ ಬಾಯಿ ಹಾಕುತ್ತಿದ್ದೇನೆ. ನನ್ನದು ಕ್ಯಾನನ್‌ನ ಹಳೆಯ 18-55. ಅದಕ್ಕೆ ಹುಡ್ ಬಾಕ್ಸಿನಲ್ಲಿ ಬಂದಿರಲಿಲ್ಲ. ಸೇತುವೆ ಕೆಳಗಿನ ಅಂಗಡಿಯಲ್ಲಿ 58 ಎಂಎಂನ ಸ್ಕ್ರೂ ಹುಡ್ 200 ರೂಪಾಯಿಗೆ ತಗೊಂಡೆ, ಹೂವಿನ ಆಕಾರದ್ದು. ಕೆಲವು ಫೋಟೋಗಳಲ್ಲಿ ಮೂಲೆ ಕಪ್ಪಾಗುತ್ತದೆ, ಕೆಲವದರಲ್ಲಿ ಇಲ್ಲ. ಪ್ರತಿ ಸಲ ಬೇರೆ ಬೇರೆ ಮೂಲೆ. ಇದು ಯಾಕೆ?

ಭಿಗ್ವಣ ದೋಣಿ:

ಅದಕ್ಕೆ ಉತ್ತರ ನಾನು ಹೇಳುತ್ತೇನ್ರೀ, ನನಗೂ ಇದೇ ಆಗಿತ್ತು.

ಸೆನ್ಸರ್ ಆಯತ, 3ಕ್ಕೆ 2. ಹಾಗಾಗಿ ಲೆನ್ಸ್ ಅತಿ ದೂರ ನೋಡುವುದು ನಾಲ್ಕು ಮೂಲೆಗಳ ಕಡೆಗೆ. ದುಂಡು ಕೊಳವೆಯನ್ನು ಉದ್ದ ಮಾಡುತ್ತಾ ಹೋದರೆ ಮೊದಲು ಅಡ್ಡ ಬರುವುದು ಮೂಲೆಗಳಿಗೆ. ಅಲ್ಲಿ ಮಾತ್ರ ಕತ್ತರಿಸಿ ತೆಗೆದರೆ ಉಳಿದ ಕಡೆ ಉದ್ದ ಬಿಡಬಹುದು. ಉಳಿದದ್ದೇ ದಳ. ಮೇಲೆ ಕೆಳಗೆ ಉದ್ದ ದಳ, ಎಡ ಬಲ ಗಿಡ್ಡ ದಳ, ಮೂಲೆಗೆ ಕಚ್ಚು. ಚೆಂದಕ್ಕೆ ಮಾಡಿದ ಆಕಾರ ಅಲ್ಲ ಅದು.

ಹಾಗಾಗಿ ದಳದ ಹುಡ್ ನೆಟ್ಟಗೇ ಕೂರಬೇಕು. ಕಂಪನಿ ಹುಡ್‌ನಲ್ಲಿ ಚುಕ್ಕೆಗೆ ಚುಕ್ಕೆ ಕೂಡಿಸಿ ತಿರುಗಿಸಿದರೆ ಟಕ್ ಅಂತ ಸರಿಯಾದ ಜಾಗದಲ್ಲೇ ನಿಲ್ಲುತ್ತದೆ. ಸ್ಕ್ರೂ ಹುಡ್ ಎಲ್ಲಿ ಬಿಗಿಯಾಯಿತೋ ಅಲ್ಲಿ ನಿಲ್ಲುತ್ತದೆ. ನಿಮ್ಮದರಲ್ಲಿ ಇನ್ನೊಂದು ತೊಂದರೆ, ಆ ಹಳೆಯ 18-55ರಲ್ಲಿ ಫೋಕಸ್ ಆಗುವಾಗ ಮುಂದಿನ ಭಾಗವೇ ತಿರುಗುತ್ತದೆ. ಹತ್ತಿರದ ಹೂವಿಗೆ ಫೋಕಸ್ ಮಾಡಿದಾಗ ದಳ ಒಂದು ಕಡೆ, ದೂರದ ಬೆಟ್ಟಕ್ಕೆ ಮಾಡಿದಾಗ ಇನ್ನೊಂದು ಕಡೆ. ಕಪ್ಪು ಮೂಲೆ ಜಾಗ ಬದಲಿಸುವುದು ಅದಕ್ಕೇ. ಮುಖ ತಿರುಗುವ ಲೆನ್ಸ್‌ಗೆ ದುಂಡನೆಯ ಹುಡ್ಡೇ ಸರಿ, ಕ್ಯಾನನ್ ಅದಕ್ಕೆ ಕೊಡುವ ಇಡಬ್ಲ್ಯು-60ಸಿ ಕೂಡ ದುಂಡನೆಯದೇ. ಅದೇ ಮಾದರಿಯ ಬೇರೆ ಕಂಪನಿಯದು ಕಡಿಮೆ ಬೆಲೆಗೆ ಸಿಗುತ್ತದೆ. ಫೋರ್ಟ್‌ನ ಬೋರಾ ಬಜಾರ್ ಕಡೆ ಹೋದಾಗ ಲೆನ್ಸ್ ಕೈಯಲ್ಲೇ ಒಯ್ದು ಕೂರಿಸಿ ನೋಡಿ ತಗೊಳ್ಳಿ.

ಕೊಳ್ಳುವಾಗ ಒಳಮೈ ಮೇಲೆ ಬೆರಳಾಡಿಸಿ. ಒಳ್ಳೆಯ ಹುಡ್‌ನ ಒಳಗೆ ಸಣ್ಣ ಗೀರುಗಳಿರುತ್ತವೆ, ಇಲ್ಲವೇ ಮಖಮಲ್ಲಿನ ಹಾಗೆ ಕಪ್ಪು ಲೇಪ ಇರುತ್ತದೆ. ಒಳಗೆ ನುಣ್ಣಗೆ ಮಿರಿಮಿರಿ ಅಂದರೆ ಅದೇ ಬೆಳಕನ್ನು ಲೆನ್ಸ್ ಒಳಗೆ ತಳ್ಳುತ್ತದೆ, ಹಾಕಿ ಏನು ಉಪಯೋಗ?

ಐರೋಲಿ ಹೊಸಬ:

ಈಗ ಮನೆಯಲ್ಲೇ ಫೋಕಸ್ ಮಾಡಿ ನೋಡಿದೆ. ನಿಜವಾಗಿಯೂ ಮುಖ ತಿರುಗುತ್ತದೆ! ಇಷ್ಟು ದಿನ ಗಮನಿಸಿಯೇ ಇರಲಿಲ್ಲ. ಧನ್ಯವಾದ.

ಮಡಗಾಂವ್ ಮದುವೆ:

ನಾನು ಗೋವಾದಲ್ಲಿ ಮದುವೆ ಫೋಟೋ ಕೆಲಸ ಮಾಡುವವನು, ಊರು ಕಾರವಾರ. ನನ್ನ ಹುಡ್ ಲೆನ್ಸ್‌ನಿಂದ ಇಳಿಯುವುದೇ ಇಲ್ಲ, ಒಳಾಂಗಣ ಇರಲಿ ಹೊರಗೆ ಇರಲಿ. ಬೆಳಕಿನ ವಿಷಯ ಮೇಲಿನವರು ಹೇಳಿದ್ದಾರೆ. ನಾನು ಪೆಟ್ಟಿನ ವಿಷಯ ಹೇಳುತ್ತೇನೆ.

ಎರಡು ವರ್ಷದ ಹಿಂದೆ ಚರ್ಚ್ ಮೆಟ್ಟಿಲ ಮೇಲೆ ಮದುಮಗಳು ಇಳಿದು ಬರುತ್ತಿದ್ದಳು, ನಾನು ಹಿಮ್ಮುಖವಾಗಿ ಇಳಿಯುತ್ತಿದ್ದೆ. ಕಾಲು ಜಾರಿತು. ಕ್ಯಾಮೆರಾ ಮೂತಿ ಮುಂದಾಗಿ ಕಲ್ಲಿಗೆ ಬಡಿಯಿತು. ಹುಡ್‌ನ ಎರಡು ದಳ ಮುರಿದು ಹಾರಿದವು, ಲಾಕ್ ಆಗುವ ಹಲ್ಲು ಕಿತ್ತು ಬಂತು. ಲೆನ್ಸ್‌ಗೆ ಒಂದು ಗೀರೂ ಇಲ್ಲ. ಅದೇ ಲೆನ್ಸ್‌ನಲ್ಲಿ ಊಟದ ಫೋಟೋ ಮುಗಿಸಿದೆ. ಪ್ಲಾಸ್ಟಿಕ್ ಮುರಿಯಿತಲ್ಲ ಎಂದು ನನಗೆ ಬೇಸರವಿಲ್ಲ, ಅದು ಮುರಿದದ್ದರಿಂದಲೇ ಪೆಟ್ಟು ಅಲ್ಲಿಗೆ ಮುಗಿಯಿತು. ಕಬ್ಬಿಣದ ಹಾಗೆ ಗಟ್ಟಿ ಇರುವ ಲೋಹದ ಸ್ಕ್ರೂ ಹುಡ್ ಆಗಿದ್ದರೆ ಪೆಟ್ಟು ನೇರ ಲೆನ್ಸ್‌ನ ಫಿಲ್ಟರ್ ಕೂರುವ ಥ್ರೆಡ್‌ಗೆ ಹೋಗುತ್ತಿತ್ತು. ಹಾಗೆ ಥ್ರೆಡ್ ನಜ್ಜುಗುಜ್ಜಾದ ಲೆನ್ಸ್ ನೋಡಿದ್ದೇನೆ.

ಮತ್ತೆ ನಮ್ಮಲ್ಲಿ ಬೀಚ್ ಮದುವೆ ಜಾಸ್ತಿ. ಕಡಲು ಪಡುವಣಕ್ಕಿದೆ, ಎಲ್ಲರಿಗೂ ಸಂಜೆಯ ಸೂರ್ಯನೇ ಬೇಕು. ಅಂದರೆ ಬೆಳಕು ಸೀದಾ ಲೆನ್ಸ್ ಮುಖಕ್ಕೆ. ಸೂರ್ಯ ಚೌಕಟ್ಟಿನ ಒಳಗೇ ಇದ್ದರೆ ಹುಡ್ ಏನೂ ಮಾಡಲಾರದು, ಅದನ್ನು ಯಾರೂ ತಪ್ಪು ತಿಳಿಯಬೇಡಿ. ಆದರೆ ಸೂರ್ಯ ಚೌಕಟ್ಟಿನಿಂದ ಸ್ವಲ್ಪ ಮೇಲಿದ್ದಾಗ, ಸಂಜೆ ಐದರಿಂದ ಆರರವರೆಗೆ, ಅದರ ಬೆಲೆ ಗೊತ್ತಾಗುತ್ತದೆ. ಅಲೆಯ ತುಂತುರಿನಿಂದಲೂ ಗಾಜು ಉಳಿಯುತ್ತದೆ. ಉಪ್ಪುನೀರಿನ ಒಂದು ಹನಿ ಗಾಜಿನ ಮೇಲೆ ಒಣಗಿದರೆ ಒರೆಸುವಷ್ಟರಲ್ಲಿ ಸಾಕಾಗಿಹೋಗುತ್ತದೆ.

ಬೀಚಿನಿಂದ ಬಂದ ಮೇಲೆ ಒಂದು ಕೆಲಸ ಮರೆಯಬೇಡಿ. ಹುಡ್ ಕೂರುವ ಸಂದಿನಲ್ಲಿ ಮರಳು ಸೇರಿಕೊಳ್ಳುತ್ತದೆ. ತಿರುಗಿಸುವಾಗ ಕರಕರ ಅಂದರೆ ಅಲ್ಲಿಗೇ ನಿಲ್ಲಿಸಿ, ಬಲ ಹಾಕಬೇಡಿ. ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಸಂದು ಜಾಡಿಸಿ, ಲೆನ್ಸ್ ಮೂತಿ ಕೆಳಗೆ ಇರಲಿ. ಹುಡ್ ಒಂದನ್ನೇ ಬಿಚ್ಚಿ ನಲ್ಲಿ ನೀರಲ್ಲಿ ತೊಳೆದು ಒಣಗಿಸಿ, ಅದಕ್ಕೇನೂ ಆಗುವುದಿಲ್ಲ. ಒಳಗೆ ಮಖಮಲ್ ಇದ್ದರೆ ಮಾತ್ರ ತೊಳೆಯಬೇಡಿ, ಬ್ರಷ್ ಸಾಕು.

ಠಾಣೆ ತಾರಸಿ ತೋಟ:

ಅಣ್ಣ, ಯಾವಾಗಲೂ ಹಾಕಿರಬೇಕು ಎನ್ನುವುದನ್ನು ನಾನು ಒಪ್ಪುವುದಿಲ್ಲ. ನಾನು ತಾರಸಿಯಲ್ಲಿ ಹುಳ, ಹೂವು, ಜೇಡ ಇಂಥವನ್ನೇ ತೆಗೆಯುವುದು. ಸಣ್ಣದನ್ನು ದೊಡ್ಡದಾಗಿ ತೋರಿಸುವ ಮ್ಯಾಕ್ರೋ ಲೆನ್ಸ್ ಹುಳದಿಂದ ಒಂದು ಗೇಣಿಗಿಂತಲೂ ಹತ್ತಿರ ಇರುತ್ತದೆ. ಅಲ್ಲಿ ಹುಡ್ ಹಾಕಿದರೆ ಅದರ ನೆರಳು ಹುಳದ ಮೇಲೆ. ಇಲ್ಲವೇ ಹುಡ್ ಎಲೆಗೆ ತಗಲಿ ಹುಳ ಹಾರಿಹೋಗುತ್ತದೆ. ಕರಿಬೇವಿನ ಗಿಡದಲ್ಲಿ ಚಿಟ್ಟೆ ಮೊಟ್ಟೆಯಿಡುವುದಕ್ಕೆ ನಲವತ್ತು ನಿಮಿಷ ಕಾದಿದ್ದೆ, ಹುಡ್‌ನ ಅಂಚು ಕಡ್ಡಿಗೆ ತಾಗಿ ಹೋಯಿತು. ಅವತ್ತಿಂದ ಮ್ಯಾಕ್ರೋಗೆ ಹುಡ್ ತೆಗೆದಿಡುತ್ತೇನೆ.

ಕ್ಯಾಮೆರಾದ ತಲೆಯಲ್ಲೇ ಇರುವ, ಎದ್ದು ಬರುವ ಫ್ಲ್ಯಾಶ್ ಬಳಸುವವರೂ ಹುಡ್ ತೆಗೆಯಬೇಕು. ಅಗಲದ ಫೋಟೋದಲ್ಲಿ ಕೆಳಗಡೆ ಅರ್ಧಚಂದ್ರದ ಹಾಗೆ ಕಪ್ಪು ನೆರಳು ಬರುತ್ತದೆ. ನನ್ನ ತಂಗಿಯ ಸೀಮಂತದ ಫೋಟೋಗಳಲ್ಲಿ ಎಲ್ಲ ಆರತಿ ತಟ್ಟೆಗಳೂ ಆ ನೆರಳಲ್ಲಿ ಮುಳುಗಿಹೋಗಿವೆ.

ಪೋಲರೈಸರ್ (ಹೊಳಪು ತಗ್ಗಿಸಲು ತಿರುಗಿಸುವ ಫಿಲ್ಟರ್) ಹಾಕುವವರಿಗೂ ಕಿರಿಕಿರಿ, ಹುಡ್ ಒಳಗೆ ಬೆರಳು ತೂರಿಸಿ ತಿರುಗಿಸಬೇಕು. ಪೆಂಟ್ಯಾಕ್ಸ್‌ನ ಕೆಲವು ಹುಡ್‌ಗಳಲ್ಲಿ, ಕ್ಯಾನನ್‌ನ 100-400 ಎಲ್‌ನ ಎರಡನೇ ಆವೃತ್ತಿಯ ಹುಡ್‌ನಲ್ಲಿ ಇದಕ್ಕೆಂದೇ ಸಣ್ಣ ಕಿಟಕಿ ಇದೆ. ಇದು ಎಲ್ಲದರಲ್ಲೂ ಇರಬೇಕಿತ್ತು.

ಮಡಗಾಂವ್ ಮದುವೆ:

ಒಪ್ಪಿದೆ ಅಕ್ಕ. ಮ್ಯಾಕ್ರೋ ನಾನು ಮಾಡಿದ್ದಿಲ್ಲ. ಫ್ಲ್ಯಾಶ್ ವಿಷಯದಲ್ಲಿ ನನ್ನದು ಮೇಲೆ ಸಿಗಿಸುವ ಎತ್ತರದ ಫ್ಲ್ಯಾಶ್, ಅದಕ್ಕೆ ನೆರಳು ಬರುವುದಿಲ್ಲ. ಅದನ್ನು ಹೇಳಬೇಕಿತ್ತು.

ಭಿಗ್ವಣ ದೋಣಿ:

ಗಾಳಿಯನ್ನೂ ಸೇರಿಸಿ. ಚಳಿಗಾಲದಲ್ಲಿ ನಾನು ಪುಣೆಯಿಂದ ಭಿಗ್ವಣಕ್ಕೆ ಹೋಗುತ್ತಿರುತ್ತೇನೆ, ಉಜನಿ ಹಿನ್ನೀರಿಗೆ, ರಾಜಹಂಸ (ಫ್ಲೆಮಿಂಗೊ) ನೋಡಲು. ಹಕ್ಕಿ ಲೆನ್ಸ್‌ನ ಹುಡ್ ಅಂದರೆ ಒಂದು ಸೇರಿನಷ್ಟು ದೊಡ್ಡದು. ಟ್ರೈಪಾಡ್ ಮೇಲಿಟ್ಟು ನಿಧಾನದ ಶಟರ್‌ನಲ್ಲಿ ತೆಗೆಯುವಾಗ ಗಾಳಿ ಬಂದರೆ ಆ ಹುಡ್ಡೇ ಹಾಯಿಯ ಹಾಗೆ ಗಾಳಿ ಹಿಡಿದು ಲೆನ್ಸ್ ನಡುಗುತ್ತದೆ. ಆಗ ತೆಗೆಯುತ್ತೇನೆ. ಕೈಯಲ್ಲಿ ಹಿಡಿದು ವೇಗದ ಶಟರ್ ಇದ್ದರೆ ತೆಗೆಯುವುದಿಲ್ಲ.

ಹಾಗೆ ತೆಗೆದು ತೊಡೆ ಮೇಲಿಟ್ಟುಕೊಂಡ ಹುಡ್ ಒಂದು ಸಲ ದೋಣಿ ವಾಲಿದಾಗ ನೀರಿಗೆ ಬಿತ್ತು. ನೋಡನೋಡುತ್ತಾ ಮುಳುಗಿತು. ನಾವಿಕ ಹುಟ್ಟು ಚಾಚಿದ, ಸಿಗಲಿಲ್ಲ. ಅವತ್ತಿನಿಂದ ಮನಸ್ಸು ಕ್ಯಾನನ್ 400 ಎಫ್/5.6ರ ಮೇಲೆ ಇತ್ತು, ಕಳೆದ ವರ್ಷ ಸೆಕೆಂಡ್ ಹ್ಯಾಂಡ್ ತಗೊಂಡೆ. ಅದರಲ್ಲಿ ಹುಡ್ ಲೆನ್ಸ್‌ನದೇ ಭಾಗ, ಹೊರಗೆ ಎಳೆದರೆ ಆಯಿತು, ಒಳಗೆ ತಳ್ಳಿದರೆ ಆಯಿತು. ಮರೆಯುವ ಮಾತಿಲ್ಲ, ಬೀಳುವ ಮಾತಿಲ್ಲ. ಎಲ್ಲ ಲೆನ್ಸ್‌ಗೂ ಹೀಗೇ ಮಾಡಬಾರದೇಕೆ ಅಂತ ಪ್ರತಿ ಸಲ ಅನಿಸುತ್ತದೆ.

ಮುಂಬೈಯವರಿಗೆ ಒಂದು ಮಾತು. ಶಿವ್ಡಿಯಲ್ಲಿ ರಾಜಹಂಸ ನೋಡಲು ಬೆಳಿಗ್ಗೆ ನಿಂತರೆ ನೀವು ಮೂಡಣಕ್ಕೆ ಮುಖ ಮಾಡಿರುತ್ತೀರಿ, ಸೂರ್ಯ ಎದುರು. ಐರೋಲಿ ಕಡೆಯಿಂದ ಸಂಜೆ ಖಾಡಿ (ಒಳನುಗ್ಗಿದ ಕಡಲ ಕಾಲುವೆ) ನೋಡಿದರೆ ಆಗಲೂ ಸೂರ್ಯ ಎದುರು. ಎರಡೂ ಕಡೆ ಹುಡ್ ಇಲ್ಲದೆ ಹೋಗಬೇಡಿ.

ಡೆಕ್ಕನ್ ಕಟ್ಟೆ:

ನನ್ನದು ಬೇರೆ ಅಭಿಪ್ರಾಯ. ನಾನು ಪುಣೆಯ ಪೇಟೆಗಳಲ್ಲಿ, ಮಂಡಯಿ ತರಕಾರಿ ಮಾರುಕಟ್ಟೆಯಲ್ಲಿ ಬೀದಿ ಫೋಟೋ ತೆಗೆಯುತ್ತೇನೆ. ದೊಡ್ಡ ಹುಡ್ ಕಂಡರೆ ಜನ ತಿರುಗಿ ನೋಡುತ್ತಾರೆ, ತರಕಾರಿಯವರು ಕೈ ಅಡ್ಡ ಹಿಡಿಯುತ್ತಾರೆ. ನನ್ನ 35 ಎಂಎಂ ಲೆನ್ಸ್‌ಗೆ ಹುಡ್ ಹಾಕುವುದಿಲ್ಲ, ಕೈ ಅಡ್ಡ ಹಿಡಿದರೆ ಸಾಕು. ಚಿಕ್ಕ ಕ್ಯಾಮೆರಾ ಜೇಬಿನಿಂದ ತೆಗೆದು ಜೇಬಿಗೆ ಹಾಕುವಂತಿರಬೇಕು. ಗಂಟೆಗೆ ಒಂದು ಸಲ ಫ್ಲೇರ್ (ಆ ಮಂಕು, ಚುಕ್ಕೆ) ಬಂದರೆ ಬರಲಿ.

ಮಾಟುಂಗಾ ಕತ್ತಲೆಕೋಣೆ:

ನಿಮ್ಮ ಕೆಲಸಕ್ಕೆ ಅದು ಸರಿ. ಗಲ್ಲಿಯಲ್ಲಿ ಎರಡೂ ಕಡೆ ಕಟ್ಟಡದ ನೆರಳಿರುತ್ತದೆ, ಬಿಸಿಲು ಗಾಜಿಗೆ ಬೀಳುವುದೇ ಕಡಿಮೆ. ಆದರೆ ಡೊಂಬಿವಲಿಯವರು ಒಂದೇ ಕಡೆ ಕೂತು ಮೂರು ಗಂಟೆ ಒಂದೇ ದೀಪದ ಪಕ್ಕ ತೆಗೆಯುತ್ತಾರೆ. ಮೂರು ಗಂಟೆ ಕೈ ಚಾಚಿ ಕೂರಲಾಗುವುದಿಲ್ಲ. ಅಷ್ಟಲ್ಲದೆ ಮಂಕು ಎನ್ನುವುದು ಕ್ಯಾಮೆರಾದ ಚಿಕ್ಕ ಪರದೆಯಲ್ಲಿ ಗೊತ್ತೇ ಆಗುವುದಿಲ್ಲ. ಮನೆಗೆ ಬಂದ ಮೇಲೆಯೇ ಗೊತ್ತಾಗುವುದು, ಆಗ ಆಟ ಮುಗಿದಿರುತ್ತದೆ. ಗಣಪತಿ ವಿಸರ್ಜನೆಗೆ ಲಾಲ್‌ಬಾಗ್ ಕಡೆ ಹೋಗುವಾಗಲಂತೂ ನೀವೂ ಹಾಕಿ. ಗುಲಾಲು ಎರಚುತ್ತಾರೆ, ಯಾರದೋ ಮೊಣಕೈ ತಗಲುತ್ತದೆ, ಗಾಜಿಗೆ ಬೆರಳಚ್ಚು ಬೀಳುತ್ತದೆ. ಹುಡ್ ಒಂದು ಗೋಡೆಯ ಹಾಗೆ ನಿಲ್ಲುತ್ತದೆ.

ಡೆಕ್ಕನ್ ಕಟ್ಟೆ:

ವಿಸರ್ಜನೆಗೆ ಹಾಕುತ್ತೇನೆ. ನಮ್ಮ ಲಕ್ಷ್ಮೀ ರಸ್ತೆಯಲ್ಲೂ ಅದೇ ಗುಲಾಲು.

ಐರೋಲಿ ಹೊಸಬ:

ರಾತ್ರಿ ಮರೀನ್ ಡ್ರೈವ್‌ನಲ್ಲಿ ಬೀದಿ ದೀಪಗಳ ಸಾಲು ತೆಗೆದಾಗ ಆಕಾಶದಲ್ಲಿ ದೀಪಗಳದೇ ತಲೆಕೆಳಗಾದ ಮರಿಗಳು ಬಂದಿವೆ. ಹುಡ್ ಹಾಕಿದರೆ ಹೋಗುತ್ತವಾ?

ಮಾಟುಂಗಾ ಕತ್ತಲೆಕೋಣೆ:

ಇಲ್ಲ. ದೀಪ ಚೌಕಟ್ಟಿನ ಒಳಗೇ ಇದೆಯಲ್ಲ. ಯುವಿ ಫಿಲ್ಟರ್ ಹಾಕಿದ್ದೀರಾ? ಅದನ್ನು ಬಿಚ್ಚಿ ತೆಗೆಯಿರಿ. ಸಪಾಟಾದ ಆ ಗಾಜು ಸೆನ್ಸರ್ ಕಡೆಯಿಂದ ಬಂದ ಬೆಳಕನ್ನು ಕನ್ನಡಿಯ ಹಾಗೆ ತಿರುಗಿ ಕಳಿಸುತ್ತದೆ. ಮುಂದಿನ ಗಾಜನ್ನು ಕಾಯಲೆಂದು ಫಿಲ್ಟರ್ ಹಾಕಿದ್ದರೆ ಆ ಕೆಲಸವನ್ನು ಹುಡ್‌ಗೆ ಬಿಡಿ.

ಡೊಂಬಿವಲಿ ಫಾಸ್ಟ್:

ಇಷ್ಟೆಲ್ಲ ಓದಿ ಮೊದಲ ಪ್ರಶ್ನೆ ಪರಿಹಾರವಾಯಿತು. ಟೇಬಲ್ ಲ್ಯಾಂಪ್ ಪ್ರಯೋಗವನ್ನೂ ಮಾಡಿದೆ. ದೀಪದ ಪಕ್ಕ ಅಮ್ಮನ ಕಪ್ಪು ಕೊಡೆ ಮಡಚಿಟ್ಟು 105ರಲ್ಲಿ ಮೂರು ಫೋಟೋ. ಹುಡ್ ಉಲ್ಟಾ ಇದ್ದಾಗ ಕೊಡೆ ಹೊಗೆ ಹಿಡಿದ ಹಾಗೆ. ನೆಟ್ಟಗೆ ಇದ್ದಾಗ ಬಹಳ ಸುಧಾರಣೆ. ನೆಟ್ಟಗೆ ಇದ್ದು ಕೈಯೂ ಅಡ್ಡ ಇದ್ದಾಗ ಕೊಡೆಯ ಬಟ್ಟೆಯ ನೇಯ್ಗೆ ಎಣಿಸಬಹುದು. ಮೂರನ್ನೂ ಅಮ್ಮನಿಗೆ ತೋರಿಸಿದೆ, ಅವಳಿಗೂ ವ್ಯತ್ಯಾಸ ಗೊತ್ತಾಯಿತು.

ಈಗ ಒಯ್ಯುವ ಮಾತು ಹೇಳಿ. ನನ್ನದು ಒಂದು ಹೆಗಲಿಗೆ ಹಾಕುವ ಚಿಕ್ಕ ಬ್ಯಾಗ್. ಹುಡ್ ನೆಟ್ಟಗೆ ಇದ್ದರೆ ಜಿಪ್ ಹಾಕಲು ಎರಡು ಬೆರಳಷ್ಟು ಸಾಲುವುದಿಲ್ಲ.

ಠಾಣೆ ತಾರಸಿ ತೋಟ:

ನಾನೂ ಅದೇ ಲೋಕಲ್‌ನಲ್ಲಿ ಓಡಾಡುವವಳು, ಲೇಡೀಸ್ ಡಬ್ಬಿಯಲ್ಲೂ ಜಾಗ ಅಷ್ಟೇ. ಬ್ಯಾಗ್‌ನಲ್ಲಿ ಹುಡ್ ಉಲ್ಟಾ ಇರಲಿ, ಅದು ತಪ್ಪಲ್ಲ. ಉಲ್ಟಾ ಕೂರುವ ಹಾಗೆ ಅದನ್ನು ಮಾಡಿರುವುದೇ ಒಯ್ಯುವುದಕ್ಕೆ. ತಪ್ಪಾಗುವುದು ಹೊರಗೆ ತೆಗೆದ ಮೇಲೆ ತಿರುಗಿಸಲು ಸೋಮಾರಿತನ ಮಾಡಿದಾಗ. ನಾನು ಅಭ್ಯಾಸ ಮಾಡಿಕೊಂಡದ್ದು ಹೀಗೆ: ಕ್ಯಾಮೆರಾ ಬ್ಯಾಗ್‌ನಿಂದ ಬಂತು, ಎಡಗೈ ಹುಡ್ ಬಿಚ್ಚಿತು, ಬಲಗೈ ಕ್ಯಾಪ್ ತೆಗೆದು ಜೇಬಿಗೆ ಹಾಕಿತು, ಎಡಗೈ ಹುಡ್ ತಿರುಗಿಸಿ ಕೂರಿಸಿತು, ಟಕ್. ಸ್ವಿಚ್ ಆನ್ ಮಾಡುವುದು ಅದಾದ ಮೇಲೆ. ಮೊದಲ ವಾರ ನೆನಪು ಮಾಡಿಕೊಂಡು ಮಾಡಿದೆ, ಈಗ ಕೈ ತಾನೇ ಮಾಡುತ್ತದೆ.

ಕತ್ತಲಲ್ಲಿ ಚುಕ್ಕೆ ಕಾಣುವುದಿಲ್ಲ ಅಂದರೆ ಹುಡ್ ಮೇಲಿನ ಗುರುತಿಗೆ ಬಿಳಿ ನೈಲ್ ಪಾಲಿಶ್ ಒಂದು ಹನಿ ಹಚ್ಚಿ. ಒಣಗಿದ ಮೇಲೆ ಉಬ್ಬಿಕೊಂಡಿರುತ್ತದೆ, ಬೆರಳಿಗೇ ಸಿಗುತ್ತದೆ.

ಭಿಗ್ವಣ ದೋಣಿ:

ಹುಡ್ ಸಡಿಲ ಆಗಿದೆಯಾ ನೋಡಿಕೊಳ್ರೀ. ನಾಲ್ಕು ವರ್ಷ ಉಲ್ಟಾ ಸಿಗಿಸಿ ಬಿಚ್ಚಿ ಮಾಡಿದ್ದರೆ ಹಲ್ಲು ಸವೆದಿರುತ್ತದೆ. ಜನಜಂಗುಳಿಯಲ್ಲಿ ಯಾರದೋ ಬ್ಯಾಗ್ ತಾಗಿ ತಿರುಗಿ ಕಳಚಿ ಬೀಳುತ್ತದೆ. ಹಲ್ಲಿನ ಮೇಲೆ ಕಪ್ಪು ಇನ್ಸುಲೇಷನ್ ಟೇಪಿನ ಸಣ್ಣ ಚೂರು ಅಂಟಿಸಿದರೆ ಬಿಗಿಯಾಗುತ್ತದೆ. ತೀರಾ ಬಿಗಿ ಇದ್ದರೆ ಪೆನ್ಸಿಲ್ ಸೀಸ ಉಜ್ಜಿ.

ಮಾಟುಂಗಾ ಕತ್ತಲೆಕೋಣೆ:

ಬ್ಯಾಗ್ ಒಳಗೆ ಕ್ಯಾಮೆರಾ ಹೇಗೆ ಮಲಗಿದೆ ನೋಡಿ. ಮಲಗಿಸಿಟ್ಟರೆ ಹುಡ್‌ಗೆ ಜಾಗ ಸಾಲುವುದಿಲ್ಲ. ಮಧ್ಯದ ಅಡ್ಡಗೋಡೆ ಕಿತ್ತು, ಲೆನ್ಸ್ ಮೂತಿ ಕೆಳಗೆ ಮಾಡಿ ನಿಲ್ಲಿಸಿ. ಎಷ್ಟೋ ಬ್ಯಾಗ್‌ಗಳಲ್ಲಿ ಆ ಎರಡು ಬೆರಳು ಅಲ್ಲಿ ಸಿಕ್ಕಿಬಿಡುತ್ತದೆ. ಆದರೆ ನೆಟ್ಟಗೆ ಹಾಕಿದ ದಳದ ಹುಡ್ ಮೇಲೆ ಇಡೀ ಭಾರ ನಿಲ್ಲುವಂತೆ ಇಡಬೇಡಿ, ಕಚ್ಚು ಇರುವಲ್ಲಿ ಓರೆಯಾಗಿ ಒತ್ತಿ ಹಲ್ಲು ಮುರಿಯುತ್ತದೆ. ಲೆನ್ಸ್ ಕುತ್ತಿಗೆ ಸುತ್ತ ಸ್ಪಂಜಿನ ತುಂಡು ಇಟ್ಟು ಕ್ಯಾಮೆರಾ ತೂಗಿ ನಿಲ್ಲುವ ಹಾಗೆ ಮಾಡಿ, ಹುಡ್ ತಳಕ್ಕೆ ತಾಗದೆ ಇರಲಿ.

ಎರಡು ಲೆನ್ಸ್ ಇದ್ದರೆ ಹುಡ್‌ಗಳನ್ನು ಲೋಟದೊಳಗೆ ಲೋಟ ಇಟ್ಟ ಹಾಗೆ ಒಂದರೊಳಗೆ ಒಂದು ಇಡಿ, ಒಳಗೆ ಚಾರ್ಜರ್ ಇಲ್ಲವೇ ಒರೆಸುವ ಬಟ್ಟೆ ತುಂಬಿಸಿ. ಖಾಲಿ ಹುಡ್ ಒತ್ತಿದರೆ ಅಗಲವಾಗಿ ಬಿರುಕು ಬಿಡುತ್ತದೆ, ತುಂಬಿದ್ದು ಬಿಡುವುದಿಲ್ಲ. ನಾಣ್ಯ, ಕೀಲಿ ಮಾತ್ರ ಹಾಕಬೇಡಿ, ಒಳಗಿನ ಕಪ್ಪು ಗೀರಿ ಬಿಳಿಯಾಗುತ್ತದೆ.

ಮಡಗಾಂವ್ ಮದುವೆ:

ಮಳೆಗಾಲದಲ್ಲಿ ಉಲ್ಟಾ ಹುಡ್ ಮತ್ತು ಲೆನ್ಸ್ ನಡುವೆ ನೀರು ನಿಲ್ಲುತ್ತದೆ, ರಾತ್ರಿಯಿಡೀ ಹಾಗೇ ಬಿಡಬೇಡಿ. ಬಿಚ್ಚಿ ಒರೆಸಿ ಬೇರೆ ಬೇರೆ ಇಡಿ. ನಮ್ಮ ಕರಾವಳಿ ಗಾಳಿಗೆ ಫಂಗಸ್ ಬರಲು ಹೆಚ್ಚು ದಿನ ಬೇಡ.

ಡೊಂಬಿವಲಿ ಫಾಸ್ಟ್:

ಆಟ ಮುಗಿಸಿಕೊಂಡು ನಿನ್ನೆ ರಾತ್ರಿ ಬಂದೆ, ಹೇಳಿಬಿಡೋಣ ಅಂತ ಬರೆಯುತ್ತಿದ್ದೇನೆ. ಬ್ಯಾಗ್‌ನ ಅಡ್ಡಗೋಡೆ ಕಿತ್ತು ಮೂತಿ ಕೆಳಗೆ ಮಾಡಿ ನಿಲ್ಲಿಸಿದೆ. ನೆಟ್ಟಗೆ ಹಾಕಿದ ಹುಡ್ ಸಮೇತ ಜಿಪ್ ಬಂತು, ಸ್ವಲ್ಪ ಉಬ್ಬುತ್ತದೆ ಅಷ್ಟೇ. ಸ್ಪಂಜಿಗೆ ಹಳೆಯ ದಿಂಬಿನ ತುಂಡು. ಆದರೆ ಬೆಳಗಿನ ಲೋಕಲ್‌ಗೆ ಅಷ್ಟು ಉಬ್ಬು ಆಗುವುದಿಲ್ಲ, ಆ ದಿನಗಳಲ್ಲಿ ಉಲ್ಟಾ ಮಾಡಿಯೇ ಒಯ್ಯುತ್ತೇನೆ, ಕೈಗೆ ಟಕ್ ಅಭ್ಯಾಸ ಆಗಿದೆ. ಹುಡ್ ಬಿಚ್ಚಿ ಇಡಬೇಕಾದಾಗ ಇರಲಿ ಅಂತ ಅಮ್ಮ ಹರಿದ ಕೊಡೆಯ ಬಟ್ಟೆಯಲ್ಲಿ ಲಾಡಿ ಎಳೆಯುವ ಚೀಲ ಹೊಲಿದು ಕೊಟ್ಟಿದ್ದಾಳೆ. ಮಳೆ ಬಿದ್ದರೂ ಒಳಗೆ ಹೋಗುವುದಿಲ್ಲ.

ಈ ಸಲವೂ ದೀಪ ಬಲಗಡೆಯೇ ಇತ್ತು. ಹೋಗಿ ಎದುರಿನಿಂದ ಒಂದು ಸಲ ಲೆನ್ಸ್ ಮುಖ ನೋಡಿ ಬಾ ಅಂತ ಪಕ್ಕದ ಹುಡುಗನಿಗೆ ಹೇಳಿದೆ, ಹೊಳೆಯುತ್ತಿದೆ ಅಂದ. ಎರಡು ಕುರ್ಚಿ ಒಳಗೆ ಸರಿದು ಕೂತೆ. ಅಲ್ಲಿ ಕಂಬದ ನೆರಳೂ ಸಿಕ್ಕಿತು, ಕೈ ಚಾಚುವ ಅಗತ್ಯ ನಾಲ್ಕೈದು ಸಲ ಮಾತ್ರ ಬಂತು. ಕಸೆಯ ಕಪ್ಪು ಕಪ್ಪಾಗಿಯೇ ಬಂದಿದೆ. ಬಣ್ಣದ ವೇಷದವರ ಮುಖದ ಮೇಲಿನ ಚುಟ್ಟಿಯ ಬಿಳಿ ಚುಕ್ಕೆ ಒಂದೊಂದೂ ಬಿಡಿಬಿಡಿಯಾಗಿ ಕಾಣುತ್ತಿದೆ. ಮೂವತ್ತು ಫೋಟೋ ಆರಿಸಿದ್ದೇನೆ, ಅಮ್ಮ ಇವತ್ತು ಬೆಳಿಗ್ಗೆಯೇ ಊರಿಗೆ ಕಳಿಸಿಸಿದಳು.

ಠಾಣೆ ತಾರಸಿ ತೋಟ:

ಆ ಚೀಲದ ಅಳತೆ ಹೇಳಿ, ನಮ್ಮ ಮನೆಯಲ್ಲೂ ಎರಡು ಹರಿದ ಕೊಡೆ ಇವೆ.

ಡೊಂಬಿವಲಿ ಫಾಸ್ಟ್:

ಹುಡ್‌ನ ಸುತ್ತಳತೆಗೆ ನಾಲ್ಕು ಬೆರಳು ಜಾಸ್ತಿ, ಎತ್ತರಕ್ಕೆ ಒಂದು ಗೇಣು. ಲಾಡಿಗೆ ಕೊಡೆಯದೇ ಪಟ್ಟಿ ಸಾಕು ಅಂತ ಅಮ್ಮ ಹೇಳಿದಳು ಅಕ್ಕ.